ಹೆಸರಿನ ಮೇಲೆ ಒಂದು ಡಾಲರ್

“ಮೊದಲ ಚೆಂಡು ಎಸೆದವನು ಯಾರು?”

ಗ್ರಾಸಿಯನ್ ಮಾವ ಇದನ್ನು ಯಾರನ್ನೂ ಕೇಳಲಿಲ್ಲ. ಗೋಡೆಯ ತುಂಬ ಹರಡಿದ್ದ ಬೋರ್ಡಿನ ಕಡೆ ಮುಖ ಮಾಡಿ, ಕರಿಯ ಟೋಪಿಯನ್ನು ಎದೆಗೆ ಒತ್ತಿಕೊಂಡು, ತಮಗೆ ತಾವೇ ಎಂಬಂತೆ ಕೇಳಿಕೊಂಡರು. ಆದರೆ ದನಿ ಅವರದು ಹಾಡುವವರ ದನಿ. ಇಡೀ ಪಂತದ ಅಂಗಡಿಗೆ ಕೇಳಿಸಿತು. ಭಾನುವಾರ ಮಧ್ಯಾಹ್ನ, ರೀನೋ ಊರಿನ ಆಗಸ್ಟ್ ಬಿಸಿಲು ಬಾಗಿಲ ಗಾಜಿಗೆ ಮುಖವಿಟ್ಟು ನಿಂತಿತ್ತು. ಒಳಗೆ ಮೂವತ್ತು ಜನರಾದರೂ ಇದ್ದರು. ಉತ್ತರ ಎಲ್ಲರಿಗೂ ಗೊತ್ತಿತ್ತು, ಹೇಳಬೇಕಾದವನು ನಾನು. ಮೂರನೆಯ ಕಿಟಕಿಯ ಹಿಂದೆ, ಕೈ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ.

ಆ ಅಂಗಡಿ ಈಗಿಲ್ಲ. ಆದರೆ ಈಗಲೂ ನಾನು ಭಾನುವಾರದ ಪೂಜೆಯಲ್ಲಿ ಮೊಣಕಾಲೂರಿ ನನ್ನ ತಪ್ಪುಗಳನ್ನು ಒಂದೊಂದಾಗಿ ನೆನೆಯುವಾಗ ಮೊದಲು ಬರುವುದು ಆ ದನಿ.

ನನ್ನ ಹೆಸರು ರೇಮಂಡ್ ಉರುಟಿ. ಕಿಟಕಿಯಲ್ಲಿ ಕೂತು ಪಂತದ ಚೀಟಿ ಕೊಡುವುದು, ಆಟ ಮುಗಿದ ಮೇಲೆ ಯಾವ ಚೀಟಿ ಗೆದ್ದಿತು, ಯಾವುದು ಸೋತಿತು, ಯಾವುದು ಎರಡೂ ಅಲ್ಲ ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ಗೆಲುವಿಗೂ ಸೋಲಿಗೂ ಜನ ಮನಸ್ಸು ಗಟ್ಟಿ ಮಾಡಿಕೊಂಡೇ ಬರುತ್ತಾರೆ. ಆ ಮೂರನೆಯದಕ್ಕೆ ಯಾರೂ ತಯಾರಾಗಿರುವುದಿಲ್ಲ. ನನ್ನ ಬಾಯಿಂದ ಅವರು ಹೆಚ್ಚಾಗಿ ಕೇಳಿ ಶಪಿಸಿದ ಮಾತು ಅದೇ: ‘ಪಂತ ಆಗಿಲ್ಲ.’

ರೈಲ್ವೆಯಿಂದ ನಿವೃತ್ತನಾದ ಹಾಲಿಸ್ ಟೀಗ್ ಎಂಬ ಮುದುಕ ದಿನವೂ ಬರುತ್ತಿದ್ದ. ಅವನು ಬೇಸ್‌ಬಾಲಿನಲ್ಲಿ ಯಾವ ತಂಡ ಗೆಲ್ಲುತ್ತದೆ ಎಂದು ಕಟ್ಟುವವನಲ್ಲ. ಎರಡೂ ತಂಡ ಸೇರಿ ಎಷ್ಟು ರನ್ ಮಾಡುತ್ತವೆ, ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕಟ್ಟುವವನು. ಜೂನ್ ತಿಂಗಳಲ್ಲಿ ಒಮ್ಮೆ ಎಂಟನೆಯ ಇನ್ನಿಂಗ್ಸಿನಲ್ಲಿ ಮಳೆ ಬಂದು ಆಟ ನಿಂತುಹೋಯಿತು.

“ಅಷ್ಟೊತ್ತಿಗಾಗಲೇ ಹದಿನಾಲ್ಕು ರನ್ ಆಗಿತ್ತಲ್ಲೋ ರೇ! ನಾನು ಕಟ್ಟಿದ್ದು ಒಂಬತ್ತಕ್ಕಿಂತ ಹೆಚ್ಚು ಅಂತ. ಆಗಿಹೋದ ರನ್ನನ್ನ ಮಳೆ ತೊಳ್ಕೊಂಡು ಹೋಗುತ್ತಾ?”

“ರನ್ನಿನ ಪಂತಕ್ಕೆ ಒಂಬತ್ತು ಇನ್ನಿಂಗ್ಸೂ ಆಗ್ಬೇಕು, ಹಾಲಿಸ್. ಪಂತ ಆಗಿಲ್ಲ. ನಿನ್ನ ದುಡ್ಡು ನಿನಗೇ ವಾಪಸ್ಸು.”

“ಮತ್ತೆ ಇವನಿಗೆ ಯಾಕೆ ಕೊಟ್ಟೆ?” ಪಕ್ಕದಲ್ಲಿದ್ದವನನ್ನು ತೋರಿಸಿದ.

“ಅವನು ಗೆಲ್ಲೋ ತಂಡದ ಮೇಲೆ ಕಟ್ಟಿದ್ದ. ಅದಕ್ಕೆ ಐದೇ ಸಾಕು.”

“ಒಂದೇ ಆಟ, ಒಂದೇ ಮಳೆ. ಅವನಿಗೆ ಮುಗೀತು, ನನಗೆ ಶುರೂನೇ ಆಗಿಲ್ಲ!” ಹಾಲಿಸ್ ಸಾಲಿನಲ್ಲಿದ್ದವರ ಕಡೆ ತಿರುಗಿದ. “ಇವನನ್ನ ಪಾದ್ರಿ ಮಾಡಬೇಕಿತ್ತು ಕಣ್ರೋ. ಹೆಣದ ಮುಂದೆ ನಿಂತು, ‘ಕ್ಷಮಿಸಿ, ಇವರು ಇನ್ನೂ ಹುಟ್ಟೇ ಇಲ್ಲ’ ಅಂತ ಹೇಳಿ ಕಳಿಸ್ತಿದ್ದ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಅದು ನಗುವ ಮಾತಾಗಿತ್ತು.

ಇನ್ನೊಂದು ನಿಯಮವಿದೆ, ಎಸೆಗಾರನದು. ಬೇಸ್‌ಬಾಲಿನಲ್ಲಿ ತಂಡದ ಮೇಲೆ ಕಟ್ಟುವುದು ಎನ್ನುವುದು ಮಾತಿಗೆ. ನಿಜವಾಗಿ ಎಲ್ಲರೂ ನೋಡುವುದು ಅಂದು ಆಟ ಶುರು ಮಾಡುವ ಎಸೆಗಾರ ಯಾರು ಎಂದು. ಅವನ ಕೈ ಹೇಗಿದೆಯೋ ತಂಡ ಹಾಗೆ. ಆದ್ದರಿಂದ ಚೀಟಿ ಕೊಡುವ ಮೊದಲು ನಾವು ಕೇಳಲೇಬೇಕಾದ ಪ್ರಶ್ನೆ ಒಂದಿತ್ತು: “ಹೆಸರಿನ ಮೇಲೋ, ಯಾರಾದರೂ ಸರಿಯೋ?” ಯಾರಾದರೂ ಸರಿ ಎಂದರೆ ತಂಡ ಗೆದ್ದರೆ ಸಾಕು, ಚೆಂಡು ಯಾರೇ ಎಸೆಯಲಿ. ಹೆಸರಿನ ಮೇಲೆ ಎಂದರೆ ಆ ಹೆಸರಿನವನೇ ಆಟದ ಮೊದಲ ಚೆಂಡು ಎಸೆಯಬೇಕು. ಎಸೆಯದಿದ್ದರೆ? ಚೀಟಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ‘ಹೆಸರಿಸಿದ ಎಸೆಗಾರ ಮೊದಲ ಚೆಂಡು ಎಸೆಯದಿದ್ದಲ್ಲಿ, ಪಂತವನ್ನು ಕಟ್ಟಿಯೇ ಇಲ್ಲವೆಂದು ಭಾವಿಸತಕ್ಕದ್ದು.’

ಕಟ್ಟಿಯೇ ಇಲ್ಲವೆಂದು. ಸೋತಿತು ಎಂದಲ್ಲ, ರದ್ದಾಯಿತು ಎಂದೂ ಅಲ್ಲ. ಆ ಸಾಲನ್ನು ಸಾವಿರ ಸಲ ಓದಿದ್ದರೂ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಕಡಲಾಚೆಯ ಬೆಟ್ಟನಾಡಿನಿಂದ ಕುರಿ ಕಾಯಲು ಈ ಸೀಮೆಗೆ ಬಂದ ನಮ್ಮ ಬಾಸ್ಕ್ ಜನಕ್ಕೆ ಪಂತವೆಂದರೂ ಪದ್ಯವೆಂದರೂ ಪ್ರಾಣ. ಕಲ್ಲು ಎತ್ತುವವನ ಮೇಲೆ ಕಟ್ಟುತ್ತಾರೆ, ದಿಮ್ಮಿ ಕಡಿಯುವವನ ಮೇಲೆ ಕಟ್ಟುತ್ತಾರೆ. ಪದ್ಯವನ್ನಂತೂ ಯಾರೂ ಬರೆದುಕೊಂಡು ಬರುವುದಿಲ್ಲ. ಊಟದ ಮೇಜಿನಿಂದ ಎದ್ದು, ಕಣ್ಣು ಮುಚ್ಚಿ, ಅಲ್ಲೇ ಕಟ್ಟಿ ಹಾಡುವುದು. ಯಾರನ್ನು ಕುರಿತು ಹಾಡಿದರೋ ಅವನು ಅದೇ ಧಾಟಿಯಲ್ಲಿ ಉತ್ತರ ಕಟ್ಟಬೇಕು. ಉತ್ತರ ಬರುವ ತನಕ ಹಾಡಿದವನು ಬೇರೊಂದು ಪದ್ಯ ಎತ್ತುವ ಹಾಗಿಲ್ಲ, ಕಾಯಬೇಕು. ನನಗೆ ಹಾಡಲು ಬರುವುದಿಲ್ಲ. ಆದರೆ ತೊಟ್ಟಿಲಿನಿಂದಲೂ ಕೇಳಿಸಿಕೊಂಡು ಬೆಳೆದವನು. ಒಮ್ಮೆ ಕೇಳಿದ ಪದ್ಯ ಮರೆಯುವುದಿಲ್ಲ.

ನಮ್ಮಲ್ಲಿ ಗ್ರಾಸಿಯನ್ ಎಚಾರ್ಟ್ ಅವರಷ್ಟು ಚುರುಕಾಗಿ ಪದ್ಯ ಕಟ್ಟುವವರು ಯಾರೂ ಇರಲಿಲ್ಲ. ನನ್ನ ಅಪ್ಪನ ಜೊತೆ ಬೆಟ್ಟದಲ್ಲಿ ಕುರಿ ಕಾದವರು, ಹಾಗಾಗಿ ನನಗೆ ಮಾವ. ಅವರ ಒಬ್ಬನೇ ಮಗ ದೊಮಿನಿಕ್, ನನ್ನ ವಯಸ್ಸಿನವನು, ಎಡಗೈ ಎಸೆಗಾರ. ತಾಯಿ ಇಲ್ಲದ ಹುಡುಗ. ರೈಲು ಹಳಿಯ ಪಕ್ಕದ ನಮ್ಮ ಜನರ ವಸತಿಗೃಹದಲ್ಲಿ, ಉದ್ದನೆಯ ಆ ಊಟದ ಮೇಜಿನ ಸುತ್ತ ಬೆಳೆದವನು. ಅವನಿಗೆ ಹದಿನೇಳಾದಾಗ ಓದನ್ನೂ ಬಿಟ್ಟು, ಅಪ್ಪ ಕೊಡಿಸಿದ್ದ ಕೆಲಸವನ್ನೂ ಬಿಟ್ಟು ಚೆಂಡೆಸೆಯಲು ಹೊರಟ. ಆ ವರ್ಷದ ಬೇಸಿಗೆಯ ಬಯಲೂಟದಲ್ಲಿ, ಇನ್ನೂರು ಜನರೆದುರು, ಕೈಯಲ್ಲಿ ಲೋಟ ಹಿಡಿದು ಮಾವ ಎದ್ದು ನಿಂತರು:

ಕಲ್ಲನೆತ್ತುವ ಗಂಡಿಗೆ ಕಟ್ಟುವೆ,
ಮೆಲ್ಲನೆ ನಡೆಯುವ ಕತ್ತೆಗೂ ಕಟ್ಟುವೆ;
ಬಲ್ಲೆನು ಮಗನ ಎಡಗೈಯ, ಅದಕೆ
ಇಲ್ಲಪ್ಪ ಇಲ್ಲ, ಒಂದು ಡಾಲರೂ ಇಲ್ಲ.

ಇನ್ನೂರು ಜನ ಮೇಜು ಗುದ್ದಿ ನಕ್ಕರು. ಅದರಲ್ಲಿ ದ್ವೇಷ ಇರಲಿಲ್ಲ. ಹುಡುಗನಿಂದ ಉತ್ತರ ಎಳೆಯುವ ಆಟ ಅದು. ಎಲ್ಲರೂ ದೊಮಿನಿಕ್ ಕಡೆ ತಿರುಗಿ ಕಾದರು. ಅವನ ಕಿವಿ ಕೆಂಪಾಗಿತ್ತು. ತುಟಿ ಅಲುಗಿತು. ಆಮೇಲೆ ತಟ್ಟೆ ಸರಿಸಿ, ಎದ್ದು, ಕಾರುಗಳು ನಿಂತಿದ್ದ ಕಡೆ ನಡೆದುಹೋದ.

ಹನ್ನೊಂದು ವರ್ಷ ಸಣ್ಣ ಸಣ್ಣ ಊರಿನ ತಂಡಗಳಲ್ಲಿ ಬಸ್ಸಿನಲ್ಲಿ ಅಲೆದ. ಆ ಹನ್ನೊಂದು ವರ್ಷವೂ ಗ್ರಾಸಿಯನ್ ಮಾವ ಒಂದು ಪದ್ಯ ಹಾಡಲಿಲ್ಲ. ಮದುವೆಗೆ ಕರೆದರೂ ಇಲ್ಲ, ಹಬ್ಬಕ್ಕೆ ಕಾಡಿಸಿದರೂ ಇಲ್ಲ. “ನನ್ನ ಪದ್ಯ ಹೊರಗೆ ಹೋಗಿದೆ, ಇನ್ನೂ ಮನೆಗೆ ಬಂದಿಲ್ಲ” ಎನ್ನುತ್ತಿದ್ದರು.

ಆ ಆಗಸ್ಟಿನಲ್ಲಿ ದೊಮಿನಿಕನನ್ನು ಮಿಲ್ವಾಕಿಯ ದೊಡ್ಡ ತಂಡಕ್ಕೆ ಕರೆಸಿಕೊಂಡರು. ಭಾನುವಾರದ ಆಟಕ್ಕೆ ಅವನೇ ಎಸೆಗಾರ ಎಂದು ಪೇಪರಿನಲ್ಲಿ ಬಂತು. ನಮ್ಮ ಬೋರ್ಡಿನ ಮೇಲೆ ಆ ಹೆಸರನ್ನು ಬರೆದವನು ನಾನೇ. ಎಚಾರ್ಟ್ ಎಂಬ ಅಕ್ಷರಗಳನ್ನು ಬೇಕೆಂದೇ ತುಸು ದೊಡ್ಡದಾಗಿ ಬರೆದೆ.

ಬೆಳಗಿನ ಏಳರ ಪೂಜೆ ಮುಗಿಸಿ ನಾನು ಕೆಲಸಕ್ಕೆ ಬಂದಾಗ ನಮ್ಮ ಮೇಲ್ವಿಚಾರಕಿ ವಾಂಡಾ ಫೋನಿನಲ್ಲಿದ್ದಳು. ಅರವತ್ತು ದಾಟಿದ ಹೆಂಗಸು, ಬೆರಳ ನಡುವೆ ಸದಾ ಸಿಗರೇಟು. “ಹೂಂ... ಹೂಂ... ಒಬ್ಬನಿಗೆ ಮಾತ್ರಾನಾ? ... ಎಷ್ಟು ಖಾತ್ರಿ?” ಎಂದು ಕೇಳಿ ಫೋನಿಟ್ಟಳು. ನಾನು ಪಕ್ಕದಲ್ಲೇ ಚೀಟಿ ಅಚ್ಚುಹಾಕುವ ಪೆಟ್ಟಿಗೆಗೆ ಕಾಗದದ ಸುರುಳಿ ಹಾಕುತ್ತಿದ್ದೆ.

“ಕೇಳಿಸ್ತಾ?” ಎಂದಳು.

“ಅರ್ಧ.”

“ಮಿಲ್ವಾಕಿ ತಂಡ ನಡೆಸೋ ಮುದುಕ ಏನೋ ಆಟ ಹೂಡಿದಾನಂತೆ. ಬಲಗೈಯವನೊಬ್ಬನನ್ನ ಮೊದಲು ಇಳಿಸೋದು. ಅದನ್ನ ನೋಡಿ ಆ ಕಡೆಯವರು ಎಡಗೈ ಹೊಡೆತಗಾರರನ್ನೇ ತುಂಬ್ಕೋತಾರೆ. ಒಬ್ಬನಿಗೆ ಎಸೆದ ತಕ್ಷಣ ಇವನನ್ನ ಎಬ್ಬಿಸಿ ಎಡಗೈ ಹುಡುಗನನ್ನ ಕರೆತರೋದು. ಎಡಗೈಯವರಿಗೆ ಎಡಗೈ ಚೆಂಡು ಹೊಡೆಯೋದು ಕಷ್ಟ. ನಿಜವೋ ಸುಳ್ಳೋ ಹನ್ನೊಂದಕ್ಕೆ ಗೊತ್ತಾಗುತ್ತೆ.” ಬೂದಿ ಕೊಡವಿದಳು. “ಕಿಟಕಿಯಿಂದ ಆಚೆ ಹೋಗಕೂಡದು, ರೇ. ಒಳಗೆ ಕೇಳಿದ್ದು ಒಳಗೇ.”

ಅದು ನಮ್ಮ ಅಂಗಡಿಯ ಮೊದಲ ಕಟ್ಟಳೆ. ಒಬ್ಬನಿಗೆ ಹೇಳಿದರೆ ಸಾಲಿನಲ್ಲಿರುವ ಎಲ್ಲರಿಗೂ ಹೇಳಬೇಕಾಗುತ್ತದೆ. ನಾನು ತಲೆಯಾಡಿಸಿದೆ.

ಒಂಬತ್ತೂವರೆಗೆ ಗ್ರಾಸಿಯನ್ ಮಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನ ತನಕ ಗುಂಡಿ, ಕಂಕುಳಲ್ಲಿ ಪ್ರಾರ್ಥನೆಯ ಪುಸ್ತಕ. ಅವರು ಆ ಅಂಗಡಿಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಸಾಲಿನಲ್ಲಿ ನಿಂತು, ಸರದಿ ಬಂದಾಗ ಟೋಪಿ ತೆಗೆದರು.

“ಏನು ಮಾವ, ದಾರಿ ತಪ್ಪಿ ಬಂದ್ರಾ? ಚರ್ಚು ಆ ಕಡೆ.”

“ಚರ್ಚು ಎಲ್ಲಿದೆ ಅಂತ ನೀನು ನನಗೆ ಹೇಳ್ಕೊಡಬೇಡ. ಹತ್ತೂವರೆಗೆ ಹೋಗ್ತೀನಿ. ಅದಕ್ಕೆ ಮುಂಚೆ ಇದು.” ಜೇಬಿನಿಂದ ನಾಲ್ಕು ಮಡಿಕೆಯ ಒಂದು ಡಾಲರ್ ನೋಟು ತೆಗೆದು, ಬಿಡಿಸಿ, ಅಂಗೈಯಲ್ಲಿ ಉಜ್ಜಿ ನನ್ನ ಮುಂದಿಟ್ಟರು. “ಮಿಲ್ವಾಕಿ. ಎಡಗೈ ಎಚಾರ್ಟ್. ಒಂದು ಡಾಲರ್.”

ನನಗೆ ತಟ್ಟನೆ ತಿಳಿಯಿತು. ಹನ್ನೊಂದು ವರ್ಷದಿಂದ ಹೊರಗೆ ಅಲೆಯುತ್ತಿದ್ದ ಪದ್ಯಕ್ಕೆ ಅವರೇ ಉತ್ತರ ಕಟ್ಟುತ್ತಿದ್ದರು, ಕಾಗದದ ಮೇಲೆ.

“ಇಲ್ಲಿ ಐದು ಡಾಲರಿಗಿಂತ ಕಡಿಮೆ ತಗೊಳ್ಳಲ್ಲ, ಮಾವ. ಐದು ಹಾಕ್ಲಾ?”

“ನಾನು ಹಾಡಿದ್ದು ಐದು ಅಂತಲಾ?”

ಹಿಂದಿನಿಂದ ಹಾಲಿಸ್ ಕೂಗಿದ, “ಮುದುಕಪ್ಪಾ, ಒಂದು ಡಾಲರಿಗೆ ಹೊರಗಡೆ ಕಾಫಿ ಸಿಗುತ್ತೆ, ಬಿಸಿಬಿಸಿ!”

“ಕಾಫಿ ನಿನ್ನಂಥವರಿಗೆ. ನನಗೆ ಚೀಟಿ ಬೇಕು” ಎಂದರು ಮಾವ, ತಿರುಗದೆ.

ನಾನು ಎದ್ದು ವಾಂಡಾ ಹತ್ತಿರ ಹೋದೆ. “ಒಂದು ಡಾಲರಿಗೆ ಆ ಕಾಗದದ ಖರ್ಚೂ ಹುಟ್ಟಲ್ಲ” ಎಂದಳು. ಆ ಎಸೆಗಾರನ ಅಪ್ಪ ಎಂದೆ. ಕಿಟಕಿಯ ಕಡೆ ನೋಡಿದಳು. ಬಿಳಿ ಅಂಗಿ, ಎದೆಗೊತ್ತಿದ ಟೋಪಿ. “ಸರಿ, ಕೊಡು. ನಾನು ನೋಡಿಲ್ಲ” ಎಂದು ಬೆನ್ನು ತಿರುಗಿಸಿದಳು.

ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ಅಂದು ಬೆಳಿಗ್ಗೆ ಒಂದು ಕಟ್ಟಳೆ ಬಗ್ಗಿತ್ತು, ಅದನ್ನು ಬಗ್ಗಿಸಿದವನು ನಾನೇ ಎಂಬುದು ನನಗೆ ಮರೆಯುವುದಿಲ್ಲ.

ಮರಳಿ ಬಂದು ಕೂತು, ಕೇಳಲೇಬೇಕಾದ ಪ್ರಶ್ನೆ ಕೇಳಿದೆ. “ಹೆಸರಿನ ಮೇಲೋ, ಯಾರಾದರೂ ಸರಿಯೋ?”

“ಹಾಗಂದ್ರೆ?”

“ದೊಮಿನಿಕ್ ಎಸೆದ್ರೆ ಮಾತ್ರವೋ, ಯಾರು ಎಸೆದ್ರೂ ತಂಡ ಗೆದ್ದರೆ ಸಾಕೋ?”

ಮಾವ ನನ್ನನ್ನು ತಿಕ್ಕಲನನ್ನು ನೋಡುವಂತೆ ನೋಡಿದರು. “ಮಿಲ್ವಾಕಿಯವರು ನನಗೆ ನೆಂಟರಾ? ಹೆಸರು ಹಾಕು. ಹೆಸರಿಗೋಸ್ಕರ ತಾನೇ ಬಂದಿದ್ದು.”

ನನ್ನ ಬೆರಳು ಪೆಟ್ಟಿಗೆಯ ಗುಂಡಿಯ ಮೇಲಿತ್ತು. ‘ಯಾರಾದರೂ ಸರಿ ಅಂತ ಹಾಕಿಸಿ ಮಾವ’ ಎಂದಿದ್ದರೆ ಸಾಕಿತ್ತು. ಕಾರಣ ಹೇಳಬೇಕಿರಲಿಲ್ಲ. ಕಣ್ಣಲ್ಲಿ ಹೇಳಿದ್ದರೂ ಕಣ್ಣಲ್ಲೇ ಕೇಳಿಸಿಕೊಳ್ಳುವವರು ಅವರು. ಸುದ್ದಿ ಸುಳ್ಳಿರಬಹುದು ಎಂದುಕೊಂಡೆ. ಹೆಸರು ಅಚ್ಚಾದ ಚೀಟಿಯೇ ಅವರಿಗೆ ಬೇಕಾದದ್ದು ಎಂದೂ ಅಂದುಕೊಂಡೆ. ಇವೆಲ್ಲ ಆಮೇಲೆ ಹುಡುಕಿಕೊಂಡ ನೆವಗಳೋ, ಆಗಲೇ ಹೊಳೆದಿದ್ದವೋ ಈಗ ಹೇಳಲಾರೆ. ಗುಂಡಿ ಒತ್ತಿದೆ.

ಚೀಟಿಯನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಕ್ಷರ ಅಕ್ಷರವಾಗಿ ಓದಿದರು. “ಎ... ಚಾ... ರ್ಟ್. ಒಂದು.” ಪ್ರಾರ್ಥನೆಯ ಪುಸ್ತಕ ತೆರೆದು ಒಳಗಿಟ್ಟರು. “ಗೆದ್ದರೆ ದುಡ್ಡು ಕೊಡಬೇಡ ಕಣೋ. ಗೆದ್ದದ್ದಕ್ಕೆ ಹೊಡೀತೀರಲ್ಲ ಕೆಂಪು ಮೊಹರು, ಅದನ್ನ ಹೊಡೆದು ಚೀಟಿ ನನಗೇ ಕೊಡು. ಅವನಿಗೆ ಕಳಿಸ್ತೀನಿ. ಸೋತರೂ ಕಳಿಸ್ತೀನಿ ಅನ್ನು. ಕಟ್ಟಿದೆ ಅಂತ ಗೊತ್ತಾದರೆ ಸಾಕು.”

ಅವರು ಚರ್ಚಿಗೆ ಹೋದರು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಫೋನು ಬಂತು. ವಾಂಡಾ ಕೈ ಮಾಡಿದಳು. ನಾನು ಏಣಿ ಹತ್ತಿ, ಎಚಾರ್ಟ್ ಎಂಬುದನ್ನು ಬಟ್ಟೆಯಲ್ಲಿ ಒರೆಸಿ, ಬಲಗೈಯವನ ಹೆಸರು ಬರೆದೆ. ಅಂಗಡಿಯಲ್ಲಿದ್ದವರೆಲ್ಲ ಗೊಣಗುತ್ತಾ ಬಂದು ಹಳೆಯ ಚೀಟಿ ಕೊಟ್ಟು ಹೊಸದು ಮಾಡಿಸಿಕೊಂಡರು. ಆಟ ಶುರುವಾಗುವ ತನಕ ಅದಕ್ಕೆ ಅವಕಾಶವಿತ್ತು, ಇಪ್ಪತ್ತೈದು ನಿಮಿಷ. ಚರ್ಚಿಗೆ ನಾಲ್ಕು ಬೀದಿ. ಓಡಿದರೆ ಐದು ನಿಮಿಷದ ದಾರಿ. ಈಗ ಅದು ಗುಟ್ಟೂ ಆಗಿರಲಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಯಾರಿಗೆ ಬೇಕಾದರೂ ಹೇಳಬಹುದಿತ್ತು. ಪೂಜೆಯ ನಡುವೆ, ತಲೆ ಬಾಗಿಸಿ ಕೂತವರ ಹೆಗಲು ಮುಟ್ಟಿ ಪಂತದ ಮಾತು ಆಡುವುದು ಹೇಗೆ ಎಂದು ಯೋಚಿಸಿದೆ. ನನ್ನ ಕಿಟಕಿಯೆದುರು ಹನ್ನೆರಡು ಜನ ನಿಂತಿದ್ದರು. ಒಬ್ಬೊಬ್ಬರ ಚೀಟಿಯನ್ನೂ ಬದಲಾಯಿಸಿಕೊಟ್ಟೆ. ಇಡೀ ರೀನೋ ಊರಿಗೆ ಬದಲಾಯಿಸಿಕೊಟ್ಟೆ, ಒಂದನ್ನು ಬಿಟ್ಟು.

ಬಲಗೈಯವನು ಒಬ್ಬನಿಗೆ ನಾಲ್ಕು ಚೆಂಡು ಎಸೆದು ಹೋದ. ದೊಮಿನಿಕ್ ಬಂದ. ಅಲ್ಲಿಂದ ಆಟ ಮುಗಿಯುವ ತನಕ ಅವನೇ ಎಸೆದ. ಟಿವಿಯಲ್ಲಿ ಆ ಆಟ ಇರಲಿಲ್ಲ. ತಂತಿಯ ಮೇಲೆ ಬರುವ ಅಂಕಿಗಳನ್ನು ನಾವು ಬೋರ್ಡಿಗೆ ಏರಿಸುತ್ತಿದ್ದೆವು. ಎದುರು ತಂಡದ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಒಂದು, ಸೊನ್ನೆ.

ಮಾವ ಊಟ ಮುಗಿಸಿ ಬಂದಾಗ ಏಳನೆಯ ಇನ್ನಿಂಗ್ಸ್ ನಡೆಯುತ್ತಿತ್ತು. ಬೋರ್ಡಿನ ಸಣ್ಣಕ್ಷರ ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಹಾಲಿಸ್ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡ.

“ನಿನ್ನ ಮಗ ಅಂತೆ? ಮೊದಲೇ ಹೇಳಬಾರದಿತ್ತೇನಯ್ಯಾ! ಆ ಕಡೆಯವರಿಗೆ ಸೊನ್ನೆ ಮೇಲೆ ಸೊನ್ನೆ, ಗಾಳಿಗೆ ದೊಣ್ಣೆ ಬೀಸ್ತಾ ಇರಬೇಕು.”

“ನನ್ನ ಅಪ್ಪನೂ ಎಡಗೈಯವನೇ” ಎಂದರು ಮಾವ. “ಕಲ್ಲು ಎಸೆದು ತೋಳ ಓಡಿಸ್ತಿದ್ದ.” ಅವರ ಮುಖದಲ್ಲಿ ಅಂಥ ಬೆಳಕು ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ತುಟಿ ಏನೋ ಗುನುಗುತ್ತಿತ್ತು. ಬೆರಳು ಮೊಣಕಾಲಿನ ಮೇಲೆ ಮಾತ್ರೆ ಎಣಿಸುತ್ತಿತ್ತು. ಪದ್ಯ ಕಟ್ಟುತ್ತಿದ್ದರು.

ಮೂರು, ಒಂದು. ಮಿಲ್ವಾಕಿ ಗೆದ್ದಿತು. ಅಂಗಡಿ ತುಂಬ ಚಪ್ಪಾಳೆ. ಹಾಲಿಸ್ ಅವರ ಬೆನ್ನು ತಟ್ಟಿ, “ಭಲೇ ಮುದುಕಪ್ಪಾ! ಎರಡನೆಯವನಾಗಿ ಬಂದು ಇಡೀ ಆಟ ಎಳೆದ್ನಲ್ಲ ನಿನ್ನ ಮಗ!” ಎಂದ.

“ಎರಡನೆಯವನಾ?”

ಹಾಲಿಸನಿಗೆ ತಾನು ಏನಂದೆ ಎಂದು ಆಗ ಹೊಳೆಯಿತು. ಇಂಥ ನಿಯಮಗಳ ಕೈಯಲ್ಲಿ ಎಷ್ಟೋ ಸಲ ಪೆಟ್ಟು ತಿಂದವನು. ನನ್ನ ಕಡೆ ನೋಡಿದ. ಮಾವ ಎದ್ದು, ಬೋರ್ಡಿನ ಹತ್ತಿರ ಹೋಗಿ, ಕತ್ತೆತ್ತಿ, ಎಚಾರ್ಟ್ ಇದ್ದ ಜಾಗದಲ್ಲಿ ಬೇರೆ ಹೆಸರು ಓದಿಕೊಂಡರು. ಆಗಲೇ ಕೇಳಿದ್ದು, ಮೊದಲ ಚೆಂಡು ಎಸೆದವನು ಯಾರು ಎಂದು.

ಆಮೇಲೆ ನನ್ನ ಕಿಟಕಿಗೆ ಬಂದು ಚೀಟಿ ಮುಂದಿಟ್ಟರು.

“ಹೇಳಪ್ಪ.”

“ದೊಮಿನಿಕ್ ಮೊದಲ ಚೆಂಡು ಎಸೆಯಲಿಲ್ಲ, ಮಾವ. ಹೆಸರಿನ ಮೇಲೆ ಕಟ್ಟಿದ್ದರಿಂದ... ಪಂತ ಆಗಿಲ್ಲ. ನಿಮ್ಮ ಡಾಲರ್ ವಾಪಸ್ಸು.”

“ನನ್ನ ಮಗ ಗೆದ್ದ.”

“ಗೆದ್ದ.”

“ನಾನು ಅವನ ಮೇಲೆ ಕಟ್ಟಿದೆ. ನಿನ್ನ ಕೈಗೇ ಕೊಟ್ಟೆ.”

“ಹೌದು.”

“ಮತ್ತೆ?”

ನಾನು ಚೀಟಿಯ ಬೆನ್ನು ತಿರುಗಿಸಿ ಆ ಸಾಲನ್ನು ಓದಿದೆ. ಓದುತ್ತಾ ನನ್ನ ದನಿ ತಗ್ಗಿತು. ಅವರು ಕಣ್ಣು ಮುಚ್ಚಿ ಕೇಳಿದರು, ಪದ್ಯ ಕೇಳುವಾಗ ಮುಚ್ಚುವ ಹಾಗೆ. “ಇನ್ನೊಂದು ಸಲ” ಎಂದರು. ಇನ್ನೊಂದು ಸಲ ಓದಿದೆ.

“ಕಟ್ಟಿಯೇ ಇಲ್ಲ” ಎಂದರು. “ಅಂದ್ರೆ ಇನ್ನೂ ಒಂದು ಡಾಲರೂ ಇಲ್ಲ.”

ನಾನು ನೋಟು ಮುಂದೆ ಸರಿಸಿದೆ. ಅವರು ಮುಟ್ಟಲಿಲ್ಲ. ನನ್ನ ಮೊಣಕೈ ಪಕ್ಕದಲ್ಲಿ ಎರಡು ಮೊಹರುಗಳಿದ್ದವು: ಗೆದ್ದದ್ದಕ್ಕೆ ಕೆಂಪು, ವಾಪಸ್ಸಿಗೆ ನೀಲಿ. ಅವರ ಕಣ್ಣು ಅಲ್ಲಿಗೆ ಹೋಯಿತು.

“ರೇಮೊ, ದುಡ್ಡು ಬೇಡ. ಒಂದು ಕಾಸೂ ಬೇಡ. ಆ ಕೆಂಪನ್ನ ಒಂದು ಸಲ ಒತ್ತು. ಯಾರಿಗೂ ತೋರಿಸಲ್ಲ, ಅವನೊಬ್ಬನಿಗೆ.”

“ಅವನಿಗೆ ಪತ್ರ ಬರೀರಿ ಮಾವ, ಕಟ್ಟಿದ್ದೆ ಅಂತ.”

“ನಾನು ಬರೀತೀನಿ, ಅವನು ನಂಬ್ತಾನಾ? ನಾನು ಮಾತಿನವನು. ಮಾತಿನಿಂದಲೇ ಹಾಳಾಗಿದ್ದು. ನಿನ್ನದು ಕಾಗದ. ಒತ್ತು, ಮಗಾ.”

ತಲೆಯ ಮೇಲೆ ಕ್ಯಾಮೆರಾ ಇತ್ತು. ಹಿಂದೆ ಸಾಲಿತ್ತು. ವಾಂಡಾ ನೋಡುತ್ತಿದ್ದಳು, ಬೆಳಗ್ಗೆ ತಿರುಗಿಸಿದ್ದ ಬೆನ್ನನ್ನು ಅವಳು ಇನ್ನೊಮ್ಮೆ ತಿರುಗಿಸುತ್ತಿದ್ದಳೇನೋ, ನಾನು ಕೇಳಲಿಲ್ಲ. “ಸುಳ್ಳು ಮೊಹರು ಹಾಕೋಕೆ ಆಗಲ್ಲ, ಮಾವ” ಎಂದೆ.

ಅವರು ಚೀಟಿ ಎತ್ತಿಕೊಂಡು, ಪುಸ್ತಕದೊಳಗಿಟ್ಟು, ಟೋಪಿ ಹಾಕಿಕೊಂಡರು. ಬಾಗಿಲ ತನಕ ಹೋಗಿ, ತಿರುಗಿ ಬಂದು, “ನಿನ್ನ ತಪ್ಪೇನಿಲ್ಲ ಬಿಡು, ನೀನು ಕೇಳಿದ್ದೆ. ನಾನೇ ಹೆಸರು ಹಾಕು ಅಂದೆ” ಎಂದರು. ಬೆಳಿಗ್ಗೆ ನನ್ನ ಕಿವಿಗೆ ಏನು ಬಿದ್ದಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನ ಭಾನುವಾರ ಕಟ್ಟಬಹುದಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಮುಂದಿನ ಭಾನುವಾರ ಬರಲಿಲ್ಲ. ನಾಲ್ಕು ದಿನದ ಮೇಲೆ ಅಭ್ಯಾಸದಲ್ಲಿ ದೊಮಿನಿಕನ ಭುಜದ ಸ್ನಾಯು ಹರಿಯಿತು. ವೈದ್ಯರು ಕತ್ತರಿಸಿದರು, ಹೊಲಿದರು. ಇನ್ನು ಎಸೆಯುವ ಹಾಗಿಲ್ಲ ಎಂದರು. ದೊಡ್ಡ ತಂಡದಲ್ಲಿ ಅವನ ಆಟ ಆ ಒಂದೇ ಮಧ್ಯಾಹ್ನ.

ನವೆಂಬರಿನಲ್ಲಿ ಅವನು ಪಕ್ಕದ ಸ್ಪಾರ್ಕ್ಸ್ ಊರಿನ ಟೈರ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದ್ದಾನೆ ಎಂದು ತಿಳಿಯಿತು. ಅಪ್ಪನಿಂದ ನಾಲ್ಕು ಮೈಲಿ. ಒಂದು ಸಲವೂ ಬಂದಿರಲಿಲ್ಲ. ವಸತಿಗೃಹದ ಉದ್ದನೆಯ ಮೇಜಿನಲ್ಲಿ ಮಾವ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟು ಜಾಗ ಹಿಡಿದು ಊಟ ಮಾಡುತ್ತಿದ್ದರು. ಸೂಪಿನ ಪಾತ್ರೆ ಆ ಖಾಲಿ ಜಾಗವನ್ನು ದಾಟಿ ಹೋಗುತ್ತಿತ್ತು. ಮೂರು ವಾರ ಅದನ್ನು ನೋಡಿ, ನಾನು ಸ್ಪಾರ್ಕ್ಸಿಗೆ ಹೋದೆ.

ದೊಮಿನಿಕ್ ಬಲಗೈಯಲ್ಲಿ ನಟ್ಟು ಬಿಗಿಯುತ್ತಿದ್ದ. “ಏನೋ ರೇಮೊ, ಟೈರ್ ಬೇಕಾ, ಧರ್ಮೋಪದೇಶ ಮಾಡೋಕೆ ಬಂದ್ಯಾ?”

“ಎರಡೂ ಅಲ್ಲ.”

“ಹಾಗಾದ್ರೆ ಆ ಡಬ್ಬ ಈ ಕಡೆ ಕೊಡು.”

ಕೊಟ್ಟೆ. ನಿಂತೇ ಎಲ್ಲವನ್ನೂ ಹೇಳಿದೆ. ಒಂದು ಡಾಲರು, ಬಿಳಿ ಅಂಗಿ, ಹೆಸರು, ಚೀಟಿ. ಬೆಳಗಿನ ಫೋನು. ನನ್ನ ಬೆರಳು. ನಾಲ್ಕು ಬೀದಿ. ಕೆಂಪು ಮೊಹರು. ಚರ್ಚಿನಲ್ಲಿ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವಾಗಲೂ ನಾನು ಅಷ್ಟು ಪೂರ್ತಿಯಾಗಿ ಹೇಳಿದವನಲ್ಲ. ಅವನು ನಟ್ಟು ಬಿಗಿಯುವುದನ್ನು ನಿಲ್ಲಿಸಿ, ಚಕ್ರದ ಮೇಲೆ ಕೂತು ಕೇಳಿದ.

“ನನಗೆ ಹಿಂದಿನ ದಿನವೇ ಗೊತ್ತಿತ್ತು, ಎರಡನೆಯವನಾಗಿ ಇಳೀಬೇಕು ಅಂತ” ಎಂದ ಕೊನೆಗೆ. “ಅಪ್ಪನಿಗೆ ಫೋನ್ ಮಾಡೋಣ ಅಂತ ಹೋಟೆಲಿನ ಕೆಳಗೆ ಇಳಿದು ಬಂದೆ. ಚಿಲ್ಲರೆ ಕೈಯಲ್ಲಿತ್ತು. ಏನಂತ ಹೇಳೋದು ಅಂತ ವಾಪಸ್ ಹತ್ತಿ ಹೋದೆ.”

ನೆಲಕ್ಕೆ ಬಿದ್ದಿದ್ದ ನಟ್ಟೊಂದನ್ನು ಎತ್ತಿ ಡಬ್ಬಕ್ಕೆ ಹಾಕಿದ.

“ಚೀಟಿ ಇನ್ನೂ ಇದೆ, ಪ್ರಾರ್ಥನೆ ಪುಸ್ತಕದಲ್ಲಿ” ಎಂದೆ. “ಅವರು ಕಟ್ಟಿದ್ದು ನಿಜ, ದೊಮಿನಿಕ್. ನಾನು ಸಾಕ್ಷಿ.”

“ಅದರ ಹಿಂದೆ ಏನಂತ ಬರೆದಿದೆ ಅಂದೆ?”

“ಬಿಡು ಅದನ್ನ.”

“ಹೇಳೋ. ನಿನಗೆ ಬಾಯಿಪಾಠ ಅಲ್ವಾ?”

“ಕಟ್ಟಿಯೇ ಇಲ್ಲವೆಂದು ಭಾವಿಸತಕ್ಕದ್ದು.”

“ನೋಡು. ರೂಲು ನಿಮ್ಮದೇ.” ಅವನು ನಕ್ಕ, ನಗು ಮುಖದಲ್ಲಿ ಉಳಿಯಲಿಲ್ಲ. “ಪೇಪರಿನಲ್ಲಿ ಹೆಸರು ಬಂದ ಮೇಲೆ ಕಟ್ಟೋದು ಪಂತವೇನೋ? ಹನ್ನೊಂದು ವರ್ಷ ಯಾವ ಪೇಪರಿನಲ್ಲೂ ಬರದ ಊರುಗಳಲ್ಲಿ ಎಸೆದೆ. ರೀನೋದಲ್ಲೇ ಎರಡು ಸಲ ಎಸೆದೆ, ಅವರ ಕೋಣೆಯಿಂದ ಮೈದಾನದ ದೀಪ ಕಾಣುತ್ತೆ. ಪ್ರತಿಸಲ ಗ್ಯಾಲರಿ ಕಡೆ ನೋಡ್ತಿದ್ದೆ ಕಣೋ, ಕರಿ ಟೋಪಿ ಏನಾದ್ರೂ ಕಾಣುತ್ತಾ ಅಂತ. ಆವಾಗ ಕಟ್ಟಬೇಕಿತ್ತು.”

“ಅವರು ನಿನ್ನ ಉತ್ತರಕ್ಕೆ ಕಾಯ್ತಿದ್ದರು.”

“ನಾನು ಅವರಿಗೆ ಕಾಯ್ತಿದ್ದೆ.”

ಹೊರಗೆ ಒಂದು ಲಾರಿ ಬಂದು ನಿಂತಿತು. ಅವನು ಎಡಗೈಯಿಂದ ಮೊಣಕಾಲು ಹಿಡಿದು ಏಳಲು ಹೋಗಿ, ಭುಜ ನೋಯಿತೇನೋ, ಬಲಗೈಗೆ ಬದಲಾಯಿಸಿಕೊಂಡು ಎದ್ದ.

“ಪದ್ಯ ಬೇಡ, ಮಾತೂ ಬೇಡ” ಎಂದೆ. “ಮೊಹರು ನಾನು ಒತ್ತಲಿಲ್ಲ, ಅದು ನನ್ನ ಪಾಪ, ಅದನ್ನ ನನ್ನ ತಲೆಗೆ ಹಾಕು. ಅವರ ತಲೆಗೆ ಹಾಕಬೇಡ. ಈ ಭಾನುವಾರ ಊಟಕ್ಕೆ ಬಾ. ಬಂದು ಆ ಕುರ್ಚಿಯ ಮೇಲಿನ ಟೋಪಿ ಎತ್ತಿ, ಸುಮ್ಮನೆ ಕೂತ್ಕೋ. ಅಷ್ಟೇ ಕೇಳೋದು. ಬರ್ತೀಯಾ?”

ಅವನು ಚಿಂದಿ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಕಣ್ಣು ಮುಚ್ಚಿದ. ತುಟಿ ಅಲುಗಿತು, ಅಂದು ಬಯಲೂಟದಲ್ಲಿ ಅಲುಗಿದ ಹಾಗೆಯೇ. ಪದ್ಯ ಬರುತ್ತದೆ ಎಂದು ನಾನು ಉಸಿರು ಬಿಗಿಹಿಡಿದೆ.

“ಬರಲ್ಲ” ಎಂದ.